ಅವಲಂಬಿತರ ಸಾಲು

ಇನ್ನೊಬ್ಬರ ಮನೆಯ ತೆರಿಗೆಯ ಕಾಗದದಲ್ಲಿ ಏನಿತ್ತು, ಏನಿರಲಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳುವುದು ಒಳ್ಳೆಯ ನಡತೆಯಲ್ಲ ಎಂದು ನನಗೆ ಗೊತ್ತು. ಸಬೋಲ್ ಮನೆಯವರು ಕ್ಷಮಿಸಬೇಕು. ನಾನು ಹೇಳುವುದರಲ್ಲಿ ಲೆಕ್ಕ ಎಲ್ಲಾದರೂ ತಪ್ಪಿದ್ದರೆ ಆ ತಪ್ಪು ನನ್ನದು, ಆ ಮನೆಯ ಲೊರೆಟಾಳದ್ದಲ್ಲ. ಆಕೆ ಲೆಕ್ಕ ತಪ್ಪುವ ಹೆಂಗಸಾಗಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಪೆನ್ಸಿಲ್ವೇನಿಯಾದ ಈರಿ ಊರಿನ ಆ ಬೀದಿಯಲ್ಲಿ ಫೆಬ್ರವರಿ ಬಂತೆಂದರೆ ಎಲ್ಲರ ಬಾಯಲ್ಲೂ ರಿಫಂಡಿನ ಮಾತೇ. ವರ್ಷವಿಡೀ ಸಂಬಳದಲ್ಲಿ ಹಿಡಿದ ತೆರಿಗೆಯಲ್ಲಿ ಎಷ್ಟು ವಾಪಸು ಬರುತ್ತದೆ, ಅದರಲ್ಲಿ ಯಾರು ಕಾರಿಗೆ ಟೈರು ಹಾಕಿಸುತ್ತಾರೆ, ಯಾರು ಬಟ್ಟೆ ಒಗೆಯುವ ಮಷೀನು ಬದಲಾಯಿಸುತ್ತಾರೆ ಎಂದು ಬಾಗಿಲ ಮುಂದಿನ ಹಿಮ ತೋಡುತ್ತಲೇ ಮಾತಾಡಿಕೊಳ್ಳುತ್ತಾರೆ. ಸಬೋಲ್ ಮನೆಯಲ್ಲಿ ಈ ಸಲದ ರಿಫಂಡು ಎಮಿಲ್‌ನ ಹಲ್ಲಿಗೆ ಎಂದು ನವೆಂಬರಿನಲ್ಲೇ ತೀರ್ಮಾನವಾಗಿತ್ತು.

ಎಮಿಲ್ ನಗರಸಭೆಯ ಹಿಮ ಗೋರುವ ಲಾರಿಯ ಚಾಲಕ. ಕೆಳದವಡೆಯ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡು ಮೂರು ತಿಂಗಳಾಗಿತ್ತು. ಹೊಸ ಸೆಟ್ಟು ಕಟ್ಟಿಸಬೇಕಾದರೆ ದುಡ್ಡನ್ನು ಒಟ್ಟಿಗೇ ಇಡಬೇಕು. ಅಲ್ಲಿಯವರೆಗೆ ಅವನಿಗೆ ಹಿಸುಕಿದ ಆಲೂಗಡ್ಡೆ, ಟೊಮೆಟೊ ಸೂಪು, ಎಲೆಕೋಸು ಹಾಕಿ ಬೆಣ್ಣೆಯಲ್ಲಿ ಮೆತ್ತಗೆ ಮಾಡಿದ ನೂಡಲ್ಸು. ದಿನವೂ ಅದೇ.

"ನಿಮ್ಮ ವೃದ್ಧಾಶ್ರಮದಲ್ಲಿ ನಂಗೂ ಒಂದು ತಟ್ಟೆ ಹಾಕ್ಸಿಬಿಡೇ, ನಿಂಗೆ ಎರಡೆರಡು ಸಲ ಬೇಯ್ಸೋ ಕೆಲ್ಸ ಉಳಿಯುತ್ತೆ" ಎನ್ನುತ್ತಿದ್ದ ಹೆಂಡತಿಗೆ.

ಲೊರೆಟಾ ಕೆಲಸಕ್ಕಿದ್ದದ್ದು ವೃದ್ಧಾಶ್ರಮದ ಅಡುಗೆಮನೆಯಲ್ಲಿ. ಬೆಳಿಗ್ಗೆ ಐದಕ್ಕೆ ಹೋದರೆ ಎರಡಕ್ಕೆ ಬರುವಳು. ಮೂವತ್ತೈದನೇ ವಯಸ್ಸಿನಲ್ಲಿ ಸಂಜೆ ಶಾಲೆಗೆ ಹೋಗಿ ಲೆಕ್ಕಪತ್ರ ಇಡುವುದನ್ನು ಕಲಿತಿದ್ದಳು. ಅದರಿಂದ ಕೆಲಸವೇನೂ ಬದಲಾಗಲಿಲ್ಲ. ಆದರೆ ಮನೆಯ ತೆರಿಗೆ ರಿಟರ್ನ್ಸ್ ಅಂದಿನಿಂದ ಅವಳದೇ ಹೊಣೆ. ಗಂಡನ ಹೆಸರು, ತನ್ನ ಹೆಸರು, ಕೆಳಗೆ ಅವಲಂಬಿತರ ಸಾಲಿನಲ್ಲಿ ಮಗಳು ಕೊರಿನ್‌ಳ ಹೆಸರು. ಕೊರಿನ್‌ಗೆ ಈಗ ಇಪ್ಪತ್ತು. ಎರಡು ಗಂಟೆಯ ದಾರಿಯಲ್ಲಿರುವ ಸರ್ಕಾರಿ ಕಾಲೇಜಿನಲ್ಲಿ ಎರಡನೇ ವರ್ಷ. ಕಾಲೇಜಿನ ಮಕ್ಕಳಿರುವವರಿಗೆ ಶುಲ್ಕದ ಮೇಲೆ ಎರಡೂವರೆ ಸಾವಿರ ಡಾಲರಿನವರೆಗೆ ರಿಯಾಯಿತಿ ಸಿಗುತ್ತದೆ. ಎಮಿಲ್‌ನ ಹಲ್ಲು ಇದ್ದದ್ದು ಆ ರಿಯಾಯಿತಿಯಲ್ಲಿ.

ಫೆಬ್ರವರಿಯ ಎರಡನೇ ಭಾನುವಾರ, ಚರ್ಚಿನಿಂದ ಬಂದು ಕೋಟು ಕೂಡ ಬಿಚ್ಚದೆ ಲೊರೆಟಾ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರಿಟರ್ನ್ಸ್ ಕಳಿಸಿದಳು. ಸೂಪು ಕುದಿಯುವಷ್ಟರಲ್ಲಿ ಉತ್ತರ ಬಂತು. ತಿರಸ್ಕೃತ. ನೀವು ಅವಲಂಬಿತಳೆಂದು ತೋರಿಸಿರುವ ವ್ಯಕ್ತಿಯ ಸಂಖ್ಯೆ ಈಗಾಗಲೇ ಇನ್ನೊಂದು ಅರ್ಜಿಯಲ್ಲಿ ದಾಖಲಾಗಿದೆ.

ಅವಳಿಗೆ ಮೊದಲು ಬಂದ ಅನುಮಾನ ತನ್ನ ಮೇಲೇ. ಮಗಳ ಸಂಖ್ಯೆಯನ್ನು ಮೂರು ಸಲ ಬೆರಳಿಟ್ಟು ಓದಿದಳು. ಸರಿಯಾಗಿಯೇ ಇತ್ತು.

"ಯಾರೋ ಕಳ್ಳರು" ಎಂದಳು ಅತ್ತೆ ಆಗ್ನೆಸ್, ಸೌಟು ಎತ್ತಿಕೊಂಡೇ. "ಟೀವಿಲಿ ಬಂದಿತ್ತು. ಸತ್ತೋರ ಹೆಸರಲ್ಲೂ ದುಡ್ಡು ಹೊಡೀತಾರಂತೆ."

"ಕೊರಿನ್ ಸತ್ತಿಲ್ಲವಲ್ಲ ಅತ್ತೆ."

"ನಾನೇನು ಸತ್ತಿದಾಳೆ ಅಂದ್ನಾ? ಒಂದು ಫೋನ್ ಮಾಡು."

ಫೋನು ಎತ್ತಿದಾಗ ಮಗಳ ಹಿಂದೆ ತಟ್ಟೆಗಳ ಸದ್ದು. ಕಾಲೇಜಿನ ಊಟದ ಹಾಲಿನಲ್ಲಿ ಪಾತ್ರೆ ತೊಳೆಯುವ ಪಾಳಿ ಅವಳದು.

"ಕೊರಿನ್, ನೀನೇನಾದ್ರೂ ರಿಟರ್ನ್ಸ್ ಹಾಕಿದ್ಯಾ?"

"ಹೂಂ. ಜನವರಿಲೇ. ಫೋನಲ್ಲೇ ಆಯ್ತು. ಬಟ್ಟೆ ಒಣಗೋದ್ರೊಳಗೆ ಮುಗ್ದೋಯ್ತು."

"ನಿನ್ನನ್ನ ಬೇರೆ ಯಾರಾದ್ರೂ ಅವಲಂಬಿತಳು ಅಂತ ತೋರಿಸಿಕೊಳ್ಳಬಹುದಾ ಅಂತ ಒಂದು ಪ್ರಶ್ನೆ ಇರುತ್ತೆ. ಅದಕ್ಕೆ ಏನು ಒತ್ತಿದೆ?"

"ಇಲ್ಲ ಅಂತ."

"ಓದ್ದೇ ಒತ್ತಿದ್ಯಾ?"

"ಓದೇ ಒತ್ತಿದೆ. ಯಾರೂ ಇಲ್ಲ ಅಂತ." ತಟ್ಟೆಗಳ ಸದ್ದು ಜೋರಾಯಿತು. "ಅಮ್ಮಾ, ಇಲ್ಲಿ ಮಷೀನ್ ಕಟ್ಕೊಂಡಿದೆ, ಆಮೇಲೆ ಮಾಡ್ತೀನಿ."

ಆಮೇಲೆ ಅವಳು ಮಾಡಲಿಲ್ಲ.

ಅದಾದ ಮೇಲೆ ಮನೆಯಲ್ಲಿ ಊಟಕ್ಕೆ ಕೂತರೆ ಇದೇ ಮಾತು. ಎಮಿಲ್‌ಗೆ ಅರ್ಥವಾಗಿದ್ದು ಇಷ್ಟು: ಮಗಳು ಒಂದು ತಿದ್ದುಪಡಿ ಕಾಗದಕ್ಕೆ ಸಹಿ ಮಾಡಿದರೆ ಸಾಕು, ಲೊರೆಟಾ ತನ್ನ ಅರ್ಜಿಯನ್ನು ಅಂಚೆಯಲ್ಲಿ ಕಳಿಸಬಹುದು, ಬೇಸಿಗೆಯೊಳಗೆ ಹಲ್ಲು ಬರುತ್ತದೆ. ಆಗ್ನೆಸ್‌ಗೆ ಅರ್ಥವಾಗಿದ್ದು ಬೇರೆ.

"ಇದು ನಿನ್ನ ಸಲಿಗೆ ಕಣೇ ಲೊರೆಟಾ. ನನ್ನ ಕಾಲ್ದಲ್ಲಿ ಮಕ್ಕಳು ಸಂಬಳದ ಲಕೋಟೆ ಒಡೀದೇ ತಂದು ಅಪ್ಪನ ಕೈಗೆ ಕೊಡ್ತಿದ್ರು. ಇವಳು ಮನೇನೇ ಇಲ್ಲ ಅಂತ ಸರ್ಕಾರಕ್ಕೆ ಹೇಳಿದಾಳೆ."

"ಮನೆ ಇಲ್ಲ ಅಂದಿಲ್ಲ ಅತ್ತೆ. ಅವಳದು ಅವಳೇ ನೋಡ್ಕೋತಾಳೆ ಅಂದಿದಾಳೆ."

"ಎರಡಕ್ಕೂ ಏನೇ ವ್ಯತ್ಯಾಸ?"

ಲೊರೆಟಾಗೆ ನಿದ್ದೆ ಕೆಟ್ಟಿತು. ಮಗಳು ಸುಳ್ಳು ಬರೆದಳೆಂದು ಅವಳಿಗೆ ಬೇಜಾರಾಗಿರಲಿಲ್ಲ; ಒಂದು ವೇಳೆ ಅದು ಸುಳ್ಳಲ್ಲದಿದ್ದರೆ ಎಂಬುದೇ ಯೋಚನೆ. ಕಳೆದ ವರ್ಷಗಳಲ್ಲಿ ತಾನು ಯೋಚಿಸದೆ ಬರೆದ ಸಾಲು ಅದು. ಹಾಗಾಗಿ ಬುಧವಾರ ಕೆಲಸದಿಂದ ನೇರವಾಗಿ, ಕೂದಲಿಗೆ ಕಟ್ಟಿದ್ದ ಬಲೆಯನ್ನೂ ತೆಗೆಯದೆ, ಗ್ರಂಥಾಲಯಕ್ಕೆ ಹೋದಳು. ಅಲ್ಲಿ ಈ ಋತುವಿನಲ್ಲಿ ಪುಕ್ಕಟೆಯಾಗಿ ತೆರಿಗೆ ಸಹಾಯ ಮಾಡುವವರು ಕೂರುತ್ತಾರೆ. ಅವಳ ಪಾಲಿಗೆ ಬಂದವರು ಮಿಸ್ಟರ್ ಕ್ವಿಗ್ಲಿ, ನಿವೃತ್ತ ಅಂಚೆಯವರು.

"ಈ ವರ್ಷ ನೀವು ಒಂಬತ್ತನೇ ತಾಯಿ" ಎಂದರು ಅವರು, ನಿಂಬೆ ಪೆಪ್ಪರ್‌ಮೆಂಟಿನ ಡಬ್ಬಿ ಮುಂದೆ ತಳ್ಳಿ. "ಮಕ್ಕಳು ಫೋನಲ್ಲಿ ಪಟಪಟ ಒತ್ತಿಬಿಡ್ತಾರೆ. ತಿದ್ದುಪಡಿ ಹಾಕಿಸಿ, ಸರಿಹೋಗುತ್ತೆ."

"ಅವಳು ಓದೇ ಒತ್ತಿದಾಳಂತೆ. ಅವಳು ಹೇಳೋದು ನಿಜ ಇರಬಹುದಾ?"

ಕ್ವಿಗ್ಲಿ ಕನ್ನಡಕ ತೆಗೆದು ಅವಳನ್ನು ನೋಡಿದರು. ಅಂಥ ಪ್ರಶ್ನೆ ಹಿಂದಿನ ಎಂಟು ತಾಯಂದಿರು ಕೇಳಿರಲಿಲ್ಲವೆಂದು ಕಾಣುತ್ತದೆ.

"ಇಪ್ಪತ್ತನಾಲ್ಕು ತುಂಬದ ವಿದ್ಯಾರ್ಥಿ. ಕಾಲೇಜಲ್ಲಿ ಕಳೆದ ದಿನಾನೂ ಮನೇಲಿ ಇದ್ದ ಹಾಗೇ ಲೆಕ್ಕ. ಕಾನೂನು ಆ ಮಟ್ಟಿಗೆ ನಿಮ್ಮ ಕಡೆ. ಉಳಿಯೋದು ಒಂದೇ. ವರ್ಷದಲ್ಲಿ ಅವಳನ್ನ ಸಾಕೋದಕ್ಕೆ ಆದ ಖರ್ಚಲ್ಲಿ ಅರ್ಧಕ್ಕಿಂತ ಹೆಚ್ಚು ಅವಳೇ ಹಾಕಿದಾಳಾ? ವಿದ್ಯಾರ್ಥಿವೇತನ ಬಿಟ್ಟುಬಿಡಿ. ಅವಳ ಹೆಸರಲ್ಲಿ ಸಾಲ ಇದೆಯಾ?"

"ಇದೆ."

"ಅದು ಅವಳದೇ ದುಡ್ಡು. ತೀರಿಸೋಳು ಅವಳೇ ತಾನೇ?" ಅವರು ಒಂದು ಖಾಲಿ ಹಾಳೆ ಕೊಟ್ಟರು. "ಊಟ, ಬಟ್ಟೆ, ಔಷಧಿ, ಫೋನು, ಅವಳ ಕೋಣೆ ಬಾಡಿಗೆಗೆ ಕೊಟ್ಟಿದ್ರೆ ಎಷ್ಟು ಬರುತ್ತಿತ್ತೋ ಅದು, ಎಲ್ಲಾ ಬರೀರಿ. ಯಾರೂ ಮನೆಗೆ ಬಂದು ನೋಡಲ್ಲ. ಆದ್ರೂ ನೀವು ಸರಿಯಾಗೇ ಬರೀತೀರಿ ಅನ್ಸುತ್ತೆ."

"ಅವಳು ತನ್ನ ಕಾಲ ಮೇಲೇ ನಿಂತಿದಾಳೆ ಅಂತಾದ್ರೆ ಶುಲ್ಕದ ರಿಯಾಯಿತಿ ಅವಳಿಗೆ ಹೋಗುತ್ತಾ?"

"ಅಷ್ಟು ತೆರಿಗೆ ಕಟ್ಟೋ ಸಂಬಳ ಅವಳಿಗೆಲ್ಲಿದೆ? ಹೆಚ್ಚುಕಡಿಮೆ ಯಾರಿಗೂ ಹೋಗಲ್ಲ."

ಎರಡು ವಾರ ಲೊರೆಟಾ ಆ ಹಾಳೆಯನ್ನು ಎಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡೇ ತಿರುಗಿದಳು. ಈಸ್ಟರಿಗೆ ಮುಂಚಿನ ಲೆಂಟ್ ವ್ರತ ಶುರುವಾಗಿತ್ತು. ಗುರುವಾರಗಳಲ್ಲಿ ಚರ್ಚಿನ ಹಾಲಿನಲ್ಲಿ ಹೆಂಗಸರೆಲ್ಲ ಸೇರಿ ಶುಕ್ರವಾರದ ಮೀನೂಟಕ್ಕೆಂದು ಆಲೂಗಡ್ಡೆ ತುಂಬಿದ ಪಿರೋಗಿ ಎಂಬ ಕಡುಬು ಮಡಿಸುತ್ತಾರೆ. ಅವಳು ಮಡಿಸುತ್ತಲೇ ಮನಸ್ಸಿನಲ್ಲಿ ಕೂಡುವಳು. ಬೇಸಿಗೆಯಲ್ಲಿ ಹತ್ತು ವಾರ ಮನೆಯ ಊಟ. ಎಮಿಲ್‌ನ ವಿಮೆಯಲ್ಲಿ ಮಗಳ ಪಾಲು. ಅಕ್ಟೋಬರಿನಲ್ಲಿ ಕೊಡಿಸಿದ ಬೂಟು. ಮಗಳ ಕಡೆ ಸಾಲ, ಪಾತ್ರೆ ತೊಳೆದ ಸಂಬಳ, ಬೇಸಿಗೆಯಲ್ಲಿ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ನಿಂತು ದುಡಿದದ್ದು.

"ಒಲೆ ಉರಿಸಿದ ಗ್ಯಾಸು ಹಾಕ್ದ್ಯಾ?" ಎಂದಳು ಪಕ್ಕದಲ್ಲಿ ಕೂತ ಆಗ್ನೆಸ್. "ನಾನು ಕಳ್ಸಿದ ಗಸಗಸೆ ರೋಲು ಹಾಕು. ಮೂರು ಸಲ ಕಳ್ಸಿದೀನಿ."

"ಮೈದಾ, ಗಸಗಸೆ ನಾನೇ ತಂದಿದ್ದು ಅತ್ತೆ. ಆಗ್ಲೇ ದಿನಸಿಲಿ ಸೇರಿದೆ."

"ನನ್ನ ಕೈಗೆ ಬೆಲೆ ಇಲ್ವಾ?"

"ಹಾಳೇಲಿ ಅದಕ್ಕೆ ಜಾಗ ಇಲ್ಲ."

ಕೊನೆಗೆ ಲೆಕ್ಕ ಕೂಡಿತು. ಮಗಳು ಹಾಕಿದ್ದು ಹದಿನಾಲ್ಕು ಸಾವಿರದ ಆರುನೂರ ನಲವತ್ತು. ಮನೆಯವರು ಹಾಕಿದ್ದು ಹದಿನೈದು ಸಾವಿರದ ಮುನ್ನೂರು. ಲೊರೆಟಾ ಎರಡು ಸಲ ಕೂಡಿ ನೋಡಿ, ಆ ಸಂಜೆ ಗಂಡನ ಆಲೂಗಡ್ಡೆಗೆ ಒಂದು ಚಮಚ ಬೆಣ್ಣೆ ಹೆಚ್ಚಾಗಿ ಹಾಕಿದಳು.

ಮಾರ್ಚಿನ ರಜೆಗೆ ಕೊರಿನ್ ಬಂದಳು. ಬೆನ್ನಿಗೆ ಚೀಲ, ಕೈಯಲ್ಲಿ ಒಗೆಯುವ ಬಟ್ಟೆಯ ಮೂಟೆ. ಅಪ್ಪನನ್ನು ತಬ್ಬಿಕೊಂಡಳು, ಅಜ್ಜಿಯ ಕೆನ್ನೆಗೆ ಮುತ್ತು ಕೊಟ್ಟಳು, ಚೀಲವನ್ನು ಮುಂಗೋಣೆಯ ಸೋಫಾದ ಪಕ್ಕ ಇಟ್ಟಳು. ಊಟಕ್ಕೆ ಕೂತಾಗ ಎಮಿಲ್‌ಗೆ ತಡೆಯಲಾಗಲಿಲ್ಲ.

"ಒಂದು ಸಹಿ ಹಾಕ್ಬಿಡಮ್ಮಾ. ನನ್ನ ಹಲ್ಲು ನಿನ್ನ ಕೈಲಿದೆ."

"ಅಪ್ಪಾ, ನಿನ್ನ ಹಲ್ಲಿಗೆ ದುಡ್ಡು ಬೇಕಿದ್ರೆ ಕೇಳು, ತಿಂಗಳು ತಿಂಗಳು ಕೊಡ್ತೀನಿ. ನಾನೇನೂ ಖರ್ಚು ಮಾಡ್ದೇ ನೀವೇ ನನ್ನನ್ನ ಸಾಕ್ತಿದೀರ ಅಂತ ಬರೆಯೋದಕ್ಕೆ ನಾನು ಸಹಿ ಹಾಕಲ್ಲ."

"ಹಂಗೆ ಯಾರೂ ಬರೆದಿಲ್ಲ" ಎಂದಳು ಲೊರೆಟಾ. ಹಾಳೆಯನ್ನು ಮಗಳ ತಟ್ಟೆಯ ಪಕ್ಕ ಇಟ್ಟಳು. "ನೀನು ಹಾಕಿದ್ದು ಒಂದು ಡಾಲರೂ ಬಿಟ್ಟಿಲ್ಲ. ನೋಡು."

ಕೊರಿನ್ ನೋಡಿದಳು. ಮೇಲಿನಿಂದ ಕೆಳಗೆ ಸಾವಕಾಶವಾಗಿ, ಪರೀಕ್ಷೆಯ ಪೇಪರು ತಿದ್ದುವವರ ಹಾಗೆ. ಕಾರ್ಖಾನೆಯ ಸಂಬಳದ ಹತ್ತಿರ ತಲೆಯಾಡಿಸಿದಳು. ಅಮ್ಮ ಅದನ್ನು ಅಷ್ಟು ನಿಖರವಾಗಿ ಬರೆದದ್ದು ಅವಳಿಗೆ ಹಿಡಿಸಿತೆಂದು ಕಾಣುತ್ತದೆ. ಆಮೇಲೆ ಒಂದು ಸಾಲಿನಲ್ಲಿ ಬೆರಳು ನಿಂತಿತು.

"ಕೋಣೆ. ತಿಂಗಳಿಗೆ ಮುನ್ನೂರು, ಹನ್ನೆರಡು ತಿಂಗಳು." ತಲೆಯೆತ್ತಿದಳು. "ಯಾವ ಕೋಣೆ ಅಮ್ಮಾ?"

ಆಗ್ನೆಸ್ ಮೇಜಿನ ಕೆಳಗೆ ಮಂಡಿ ಸವರಿಕೊಂಡಳು.

ಸೆಪ್ಟೆಂಬರಿನಲ್ಲಿ ಆಗ್ನೆಸ್‌ಳ ಮಂಡಿಯ ಆಪರೇಷನ್ ಆಗಿತ್ತು. ಬೇಕರಿಯ ಮೇಲಿನ ಅವಳ ಬಾಡಿಗೆ ಮನೆಗೆ ಇಪ್ಪತ್ತೆರಡು ಮೆಟ್ಟಿಲು. ಮಗನ ಮನೆಯಲ್ಲಿ ಇದ್ದದ್ದು ಎರಡೇ ಮಲಗುವ ಕೋಣೆ. ಒಂದು ಶನಿವಾರ ಲೊರೆಟಾ ಕೂತು ಮಗಳ ಪುಸ್ತಕ, ಬಟ್ಟೆ, ಗೋಡೆಯ ಚಿತ್ರಗಳನ್ನೆಲ್ಲ ಒಂಬತ್ತು ಪೆಟ್ಟಿಗೆಗಳಿಗೆ ತುಂಬಿ, ಒಂದೊಂದರ ಮೇಲೂ ಒಳಗೇನಿದೆ ಎಂದು ಚೀಟಿ ಅಂಟಿಸಿ ನೆಲಮಾಳಿಗೆಗೆ ಇಳಿಸಿದ್ದಳು. ಫೋನಿನಲ್ಲಿ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ, ಬಂದಾಗ ಹೇಳೋಣ ಎಂದುಕೊಂಡಿದ್ದಳು. ಕ್ರಿಸ್‌ಮಸ್ಸಿಗೆ ಬಂದ ಮಗಳು ತನ್ನ ಕೋಣೆಯ ಬಾಗಿಲು ತೆಗೆದಾಗ ಮಂಚದ ಮೇಲೆ ಅಜ್ಜಿ ಬಾಯಿ ತೆರೆದುಕೊಂಡು ಮಲಗಿದ್ದಳು. ಕೊರಿನ್ ಸದ್ದಾಗದಂತೆ ಬಾಗಿಲು ಎಳೆದುಕೊಂಡಿದ್ದಳು. ಹತ್ತು ದಿನ ಸೋಫಾದ ಮೇಲೆ ಮಲಗಿ ಏನೂ ಅನ್ನದೆ ಹೋಗಿದ್ದಳು.

"ನಾನೇನು ಬೇಕೂ ಅಂತ ಬಂದ್ನಾ?" ಎಂದಳು ಆಗ್ನೆಸ್. "ಈ ಕಾಲು ಇಟ್ಕೊಂಡು ಎಲ್ಲಿಗೆ ಹೋಗ್ಲಿ?"

"ನಿನ್ನನ್ನ ಯಾರು ಅಂದ್ರು ಅಜ್ಜಿ? ನೀನು ಅಲ್ಲೇ ಇರು. ನಾನು ಕೇಳಿದ್ದು ಬಾಡಿಗೆ ವಿಷ್ಯ. ಇಲ್ಲದ ಕೋಣೆಗೆ ಬಾಡಿಗೆ ಹಾಕಿದಾರೆ."

"ನಿನ್ನ ಕೋಣೆ ಇದ್ದೇ ಇರುತ್ತೆ ಕಣೇ" ಎಂದಳು ಲೊರೆಟಾ.

"ಯಾವಾಗ? ಅಜ್ಜಿ ಹೋದ್ಮೇಲಾ?"

ಎಮಿಲ್ ಚಮಚವನ್ನು ಮೇಜಿನ ಮೇಲೆ ಕುಕ್ಕಿದ. "ಬಾಯಿ ಮುಚ್ಚು ಕೊರಿನ್!" ಹಲ್ಲಿಲ್ಲದ ಬಾಯಿಂದ ಆ ಮಾತು ಅರ್ಧ ಗಾಳಿಯಾಗಿ ಬಂತು. ಯಾರಿಗೂ ನಗು ಬರಲಿಲ್ಲ. ಮಗಳು ಎದ್ದು ತಟ್ಟೆ ತೊಳೆದಿಟ್ಟಳು. ಐದು ದಿನ ಇರಲು ಬಂದವಳು ಮೂರನೇ ದಿನ, ಒಣಗದ ಜೀನ್ಸನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು, ಪಾಳಿ ಇದೆ ಎಂದು ಬಸ್ಸು ಹತ್ತಿದಳು.

ಲೊರೆಟಾ ಆ ಸಂಜೆಯೇ ಪೆನ್ಸಿಲ್ಲು ತೆಗೆದುಕೊಂಡಳು. ಸೆಪ್ಟೆಂಬರಿನಿಂದ ಡಿಸೆಂಬರು, ನಾಲ್ಕು ತಿಂಗಳು. ಸಾವಿರದ ಇನ್ನೂರು ಕಳೆದರೆ ಮನೆಯ ಪಾಲು ಹದಿನಾಲ್ಕು ಸಾವಿರದ ನೂರು. ಮಗಳದು ಐನೂರ ನಲವತ್ತು ಹೆಚ್ಚು.

"ಆಗಸ್ಟ್‌ವರೆಗೆ ನಾನೂರರ ಹಾಗೆ ಹಾಕು" ಎಂದ ಎಮಿಲ್. "ಆ ಕೋಣೆಗೆ ಯಾರು ಬೇಕಾದ್ರೂ ನಾನೂರು ಕೊಡ್ತಾರೆ."

"ಮೂರನೇ ಮನೆಯ ಡೊಲೊರೆಸ್ ಇನ್ನೂರೆಂಬತ್ತಕ್ಕೆ ಕೊಟ್ಟಿದಾಳೆ. ಮುನ್ನೂರು ಅಂದಿದ್ದೇ ಜಾಸ್ತಿ."

"ನಾನು ಈ ವರ್ಷ ಬಂದೆ ಅಂತ ಬರಿ" ಎಂದಳು ಆಗ್ನೆಸ್. "ಡಿಸೆಂಬರ್‌ವರೆಗೂ ಬೇಕರಿ ಮೇಲೇ ಇದ್ದೆ ಅಂತ. ನನ್ನನ್ನ ಕೇಳಿದ್ರೆ ಹಂಗೇ ಹೇಳ್ತೀನಿ. ಆ ಪಾಪಾನ ಪಾದ್ರಿಗಳ ಹತ್ರ ನಾನು ಹೇಳ್ಕೋತೀನಿ, ನಿಂಗ್ಯಾಕೆ?"

"ನಿಮ್ಮನ್ನ ಯಾರೂ ಕೇಳಲ್ಲ ಅತ್ತೆ."

"ಮತ್ತೆ ನಿಂಗೇನು ಭಯ?"

ಲೊರೆಟಾ ಹಾಳೆಯನ್ನು ಮಡಿಸಿ ಎಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಮುಂದಿನ ದಿನಗಳಲ್ಲಿ ಅವಳು ಕೆಲಸದಲ್ಲೂ ಎರಡು ತಪ್ಪು ಮಾಡಿದಳು. ಸಕ್ಕರೆ ಕಾಯಿಲೆಯವರ ಟ್ರೇಗೆ ಪುಡ್ಡಿಂಗು ಇಟ್ಟಳು, ಒಲೆಯ ಮೇಲೆ ಸಾರು ಮರೆತಳು. ಮನೆಯಲ್ಲಿ ಎಮಿಲ್ ಮಾತು ಕಡಿಮೆ ಮಾಡಿದ. ಆಗ್ನೆಸ್ ತನ್ನ ಕಂಬಳಿಯನ್ನು ಮಡಿಸಿ ಸೋಫಾದ ಮೇಲೆ ಹಾಸಿಕೊಂಡು ಎರಡು ರಾತ್ರಿ ಅಲ್ಲೇ ಮಲಗಿದಳು. ಮೂರನೇ ದಿನ ಸೊಂಟ ಹಿಡಿದುಕೊಂಡು ತಾನೇ ಕೋಣೆಗೆ ವಾಪಸು ಹೋದಳು. ಲೊರೆಟಾ ಮಗಳಿಗೆ ಮೂರು ಸಲ ಫೋನ್ ಮಾಡಿದಳು. ಮೂರು ಸಲವೂ "ಪಾಳಿ ಇದೆ ಅಮ್ಮಾ." ಏಪ್ರಿಲ್ ಹದಿನೈದು ಕಡೆಯ ದಿನ. ಅದಕ್ಕೆ ಒಂಬತ್ತು ದಿನ ಇರುವಾಗ ಅವಳು ಕಾಗದದ ಫಾರಂ ತುಂಬಿ ಮುಗಿಸಿದಳು. ಗಂಡನ ಹೆಸರು, ತನ್ನ ಹೆಸರು. ಅವಲಂಬಿತರ ಸಾಲನ್ನು ಖಾಲಿ ಬಿಟ್ಟು ಇಬ್ಬರ ಸಹಿಯನ್ನೂ ಮಾಡಿಸಿದಳು. ಎಮಿಲ್ ಓದದೆ ಸಹಿ ಹಾಕಿದ.

ಆ ವರ್ಷ ಈಸ್ಟರ್ ಹಬ್ಬ ಬಿದ್ದದ್ದು ಏಪ್ರಿಲ್ ಹನ್ನೆರಡಕ್ಕೆ. ಹಿಂದಿನ ದಿನ ಶನಿವಾರ ಮಧ್ಯಾಹ್ನ ಕೊರಿನ್ ಬಂದಳು, ಹೇಳದೆ ಕೇಳದೆ. ಅಡುಗೆಮನೆಯಲ್ಲಿ ಆಗ್ನೆಸ್ ಹಾಲಿಗೆ ಮೊಟ್ಟೆ ಹಾಕಿ ಒಡೆಸಿ ಹಬ್ಬದ ಗಿಣ್ಣು ಮಾಡುತ್ತಿದ್ದಳು. ಬಟ್ಟೆಯಲ್ಲಿ ಗಂಟು ಕಟ್ಟಿ ನೀರು ಹಿಂಡಲು ಅವಳ ಕೈಗೆ ಬಲ ಸಾಲುತ್ತಿರಲಿಲ್ಲ.

"ಕೊಡು ಅಜ್ಜಿ." ಕೊರಿನ್ ತೋಳು ಮಡಿಸಿ ಹಿಂಡಿದಳು. "ಮಂಡಿ ಹೇಗಿದೆ?"

"ಇದೆ. ನಿನ್ನ ಮಂಚದ ಸ್ಪ್ರಿಂಗು ಚುಚ್ಚುತ್ತೆ. ಹೆಂಗೆ ಮಲಗ್ತಿದ್ಯೇ ಅದರ ಮೇಲೆ?"

"ಎಡಗಡೆಗೆ ಒತ್ತಿ ಮಲಗ್ಬೇಕು. ಬಲಗಡೆ ಹೋದ್ರೆ ಚುಚ್ಚುತ್ತೆ."

"ಮೊದ್ಲೇ ಹೇಳೋದಲ್ವಾ!"

ಇಬ್ಬರೂ ನಕ್ಕರು. ಹ್ಯಾಮಿಗೆ ಲವಂಗ ಚುಚ್ಚುತ್ತಿದ್ದ ಲೊರೆಟಾಳ ತುಟಿಯೂ ಸಡಿಲವಾಯಿತು. ಕೊರಿನ್ ಕೈ ಒರೆಸಿಕೊಂಡು ಚೀಲದಿಂದ ಮಡಿಸಿದ ಕಾಗದ ತೆಗೆದು ಅಮ್ಮನ ಮುಂದೆ ಇಟ್ಟಳು. ತಿದ್ದುಪಡಿಯ ಅರ್ಜಿ. ಕೆಳಗೆ ಅವಳ ಸಹಿ, ನಿನ್ನೆಯ ತಾರೀಕು.

"ತಗೋ. ಅಪ್ಪನ ಹಲ್ಲಿಗೆ ಅಂತಲ್ಲ, ಸುಮ್ನೆ. ನನ್ನನ್ನ ನಿಮ್ಮದರಲ್ಲೇ ಹಾಕ್ಕೊಳ್ಳಿ."

ಆಗ್ನೆಸ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. "ಎಮಿಲ್! ಬಾರೋ ಇಲ್ಲಿ!"

ಲೊರೆಟಾ ಕಾಗದವನ್ನು ಮುಟ್ಟಲಿಲ್ಲ. ಅವಳ ಕೈ ಅಂಟಂಟಾಗಿತ್ತು. ಫ್ರಿಜ್ಜಿನ ಮೇಲಿದ್ದ, ಇನ್ನೂ ಅಂಟಿಸದ ಲಕೋಟೆಯ ಕಡೆ ಅವಳ ಕಣ್ಣು ಹೋದದ್ದನ್ನು ಮಗಳು ನೋಡಿದಳು. ತಾನೇ ಕೈ ಚಾಚಿ ತೆಗೆದಳು. ಮೊದಲ ಪುಟವನ್ನಷ್ಟೇ ನೋಡಿದಳು.

"ಖಾಲಿ ಬಿಟ್ಟಿದೀಯ."

"ಲೆಕ್ಕ ಒಪ್ಪಲಿಲ್ಲ. ನೀನು ಹೇಳಿದ್ದೇ ಸರಿ. ಕೋಣೆ ತೆಗೆದ್ರೆ ನಿನ್ನದೇ ಹೆಚ್ಚು."

"ನೀನು ಬರೀತೀಯ ಅಂದ್ಕೊಂಡಿದ್ದೆ." ಕೊರಿನ್‌ಳ ದನಿ ಸಣ್ಣದಾಯಿತು. "ನಾನು ಎಷ್ಟೇ ಕೂಗಾಡಿದ್ರೂ ನೀನು ಬರೀತೀಯ ಅಂತ."

"ಸುಳ್ಳು ಬರೀಲಾ?"

"ಈಗ ನಾನೇ ಬರಿ ಅಂತಿದೀನಿ."

"ನೀನು ಬರಿ ಅಂದ್ರೆ ಐನೂರ ನಲವತ್ತು ಎಲ್ಲಿ ಹೋಗುತ್ತೆ ಕೊರಿನ್?"

ಬಾಗಿಲಲ್ಲಿ ನಿಂತಿದ್ದ ಎಮಿಲ್ ಹೆಂಡತಿಯನ್ನೂ ಮಗಳನ್ನೂ ನೋಡಿದ. "ಲೊರೆಟಾ, ಹುಡುಗಿ ಬಂದಿದಾಳೆ. ಬರ್ದುಬಿಡೇ. ಹಲ್ಲು ಹಾಳಾಗ್ಲಿ, ಅದಕ್ಕಲ್ಲ."

ಲೊರೆಟಾ ನಲ್ಲಿ ತಿರುಗಿಸಿ ಕೈ ತೊಳೆದಳು. ಬಹಳ ಹೊತ್ತು ತೊಳೆದಳು. ಕೈ ಒರೆಸಿಕೊಂಡು ಬಂದು ಮಗಳ ಕೈಯಿಂದ ಪುಟಗಳನ್ನು ತೆಗೆದುಕೊಂಡು, ಕ್ರಮವಾಗಿ ಜೋಡಿಸಿ, ಲಕೋಟೆಗೆ ಸೇರಿಸಿ ಅಂಟಿಸಿದಳು. "ಅಂಚೆಯವನು ಇನ್ನೂ ಬಂದಿಲ್ಲ" ಎಂದು ಹೇಳಿ ಬರಿ ಚಪ್ಪಲಿಯಲ್ಲೇ ಹೊರಗೆ ಹೋದಳು.

ಅವಳು ವಾಪಸು ಬಂದಾಗ ಕೊರಿನ್ ಗಿಣ್ಣಿನ ಗಂಟನ್ನು ಮತ್ತೆ ಹಿಂಡುತ್ತಿದ್ದಳು, ಅದರಲ್ಲಿ ನೀರು ಉಳಿದಿರದಿದ್ದರೂ. ಹಬ್ಬದ ಊಟಕ್ಕೆ ಎಲ್ಲರೂ ಕೂತರು. ಕೊರಿನ್ ಅಪ್ಪನ ಪಾಲಿನ ಹ್ಯಾಮನ್ನು ತಾನೇ ಸಣ್ಣಗೆ ಹೆಚ್ಚಿ ಕೊಟ್ಟಳು. ಸೋಮವಾರ ಹೋಗುವಾಗ ನೆಲಮಾಳಿಗೆಗೆ ಇಳಿದು, ಒಂಬತ್ತು ಪೆಟ್ಟಿಗೆಗಳಲ್ಲಿ ಎರಡನ್ನು ತನ್ನ ಜೊತೆ ತೆಗೆದುಕೊಂಡು ಹೋದಳು. ಜುಲೈನಲ್ಲಿ ಎಮಿಲ್ ಕಂತಿನ ಮೇಲೆ ಹಲ್ಲು ಕಟ್ಟಿಸಿಕೊಂಡ. ಮೊದಲ ಕಂತು ಕೊರಿನ್ ಕಳಿಸಿದ್ದು.

ಲೊರೆಟಾ ಇದನ್ನು ನನಗೆ ಹೇಳಿದ್ದು ಬಹಳ ಕಾಲದ ಮೇಲೆ, ಚರ್ಚಿನ ಹಾಲಿನಲ್ಲಿ ನನ್ನ ಪಕ್ಕ ಕೂತು ಆಲೂಗಡ್ಡೆ ಸುಲಿಯುತ್ತಾ. ಆ ಶನಿವಾರ ತನ್ನ ಕೈ ತಡೆದದ್ದು ಲೆಕ್ಕವೋ, ಫೆಬ್ರವರಿಯಲ್ಲಿ ಮಗಳು "ಯಾರೂ ಇಲ್ಲ" ಎಂದದ್ದರ ಸಿಟ್ಟೋ ತನಗೆ ತಿಳಿಯದು ಎಂದಳು. ಲೆಕ್ಕವೇ ಇರಬೇಕು ಎಂದೆ ನಾನು, ಏನಾದರೂ ಹೇಳಬೇಕಲ್ಲ ಎಂದು. ನಿಜವಾಗಿ ನನಗೂ ಗೊತ್ತಿಲ್ಲ.